ಕಂತಾಬಮೊಸ್: ಸ್ಪ್ಯಾನಿಷ್ ಕ್ರಿಯಾಪದವನ್ನು ಬಿಡಿಸುವ ಎರಡು ಬಗೆ

‘ಕಂತಾಬಮೊಸ್’ ಎಂದರೆ ‘ನಾವು ಹಾಡುತ್ತಿದ್ದೆವು’. (ಒತ್ತು ಬೀಳುವ ಸ್ವರವನ್ನು ಇಲ್ಲಿ ದೀರ್ಘವಾಗಿ ಬರೆದಿದೆ.) ಉಚ್ಚಾರದಂತೆ ಬಿಡಿಸಿದರೆ ಕನ್-ತಾ-ಬ-ಮೊಸ್, ವ್ಯಾಕರಣದಂತೆ ಬಿಡಿಸಿದರೆ ಕಂತ್-ಆ-ಬ-ಮೊಸ್. ಎರಡರಲ್ಲೂ ನಾಲ್ಕೇ ತುಂಡು. ಆದರೆ ಬಾಯಲ್ಲಿ ‘ತ್’ ಮುಂದಿನ ಸ್ವರಕ್ಕೆ ಅಂಟುತ್ತದೆ, ವ್ಯಾಕರಣದಲ್ಲಿ ಧಾತುವಿನಲ್ಲೇ ಉಳಿಯುತ್ತದೆ.

ಕನ್ನಡದ ‘ಹಾಡಿದೆವು’ ಕೂಡ ಹೀಗೆಯೇ: ಹೇಳುವಾಗ ಹಾ-ಡಿ-ದೆ-ವು, ಬಿಡಿಸಿ ಬರೆದರೆ ಹಾಡು + ದ + ಎವು. ಧಾತು, ಕಾಲಸೂಚಕ, ಆಖ್ಯಾತ ಪ್ರತ್ಯಯ ಮೂರೂ ಸ್ಪ್ಯಾನಿಷ್‌ನಲ್ಲಿವೆ. ಧಾತುವಿನ ಬೆನ್ನಿಗೆ ಇನ್ನೊಂದು ಸ್ವರವೂ ಬರುತ್ತದೆ. ಅದರ ಹೆಸರು ‘ಬೊಕಾಲ್ ತೆಮಾತಿಕ’. ಕ್ರಿಯಾಪದ ಆರ್, ಏರ್, ಈರ್ ಎಂಬ ಮೂರು ಗುಂಪುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಹೇಳುವುದು ಈ ಸ್ವರವೇ. ಆದರೆ ಅದು ಎಲ್ಲ ರೂಪಗಳಲ್ಲೂ ಉಳಿಯುವುದಿಲ್ಲ. ‘ಕಾಂತೊ’ (ಹಾಡುತ್ತೇನೆ) ರೂಪದಲ್ಲಿ ಮಾಯವಾಗುತ್ತದೆ. ಕೊಮೇರ್ (ತಿನ್ನು) ಧಾತುವಿನ ‘ಕೊಮೀಅಮೊಸ್’ನಲ್ಲಿ ‘ಎ’ ಹೋಗಿ ‘ಈ’ ಬರುತ್ತದೆ.

ಉಚ್ಚಾರಾಂಶದ ನಿಯಮ ಸುಲಭ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಕ್ಕೆ. ಎರಡಿದ್ದರೆ ಒಂದು ಹಿಂದಕ್ಕೆ, ಒಂದು ಮುಂದಕ್ಕೆ: ಪೆರ್-ದೇ-ಮೊಸ್. ಕನ್ನಡ ಲಿಪಿಯ ಅಭ್ಯಾಸದಲ್ಲಿ ‘ಪೆ-ರ್ದೇ’ ಎಂದು ಕತ್ತರಿಸಿದರೆ ತಪ್ಪು. ಪ್, ಬ್, ಫ್, ಕ್, ಗ್ ಆದಮೇಲೆ ರ್ ಅಥವಾ ಲ್ ಬಂದರೆ, ತ್, ದ್ ಆದಮೇಲೆ ರ್ ಬಂದರೆ ಮಾತ್ರ ಜೋಡಿ ಒಡೆಯುವುದಿಲ್ಲ: ಅ-ಬ್ರೀ-ಮೊಸ್, ಕೊಂ-ಪ್ರಾ-ಮೊಸ್. ಸ್ವರಗಳು ಅಕ್ಕಪಕ್ಕ ಬಂದಾಗ ‘ಇ’, ‘ಉ’ಗಳ ಮೇಲೆ ಒತ್ತಿನ ಗುರುತಾದ ‘ತಿಲ್ದೆ’ ಇದೆಯೇ ಎಂದು ನೋಡಿ. ಇದ್ದರೆ ಬೇರೆ ಬೇರೆ ಅಂಶ: ಕೊ-ಮೀ-ಅ-ಮೊಸ್. ಬರಹದಲ್ಲಿ ಸಾಲಿನ ಕೊನೆಗೆ ಪದ ಒಡೆಯುವಾಗ ಮಾತ್ರ ಈ ‘ಈ’ ಮತ್ತು ‘ಅ’ಗಳನ್ನು ಬೇರ್ಪಡಿಸುವಂತಿಲ್ಲ.

ಅಂಶಗಳನ್ನು ಎಣಿಸಲು ಬಾರದಿದ್ದರೆ ಒತ್ತು ಎಲ್ಲೆಂದು ತಿಳಿಯದು. ಸ್ವರ, ನ್, ಸ್‌ಗಳಲ್ಲಿ ಮುಗಿಯುವ ಪದದ ಒತ್ತು ಕೊನೆಯಿಂದ ಎರಡನೆಯ ಅಂಶಕ್ಕೆ. ಕ್ರಿಯಾಪದದ ಪುರುಷ-ವಚನ ಪ್ರತ್ಯಯಗಳು ಬಹುಪಾಲು ಇವುಗಳಲ್ಲೇ ಮುಗಿಯುವುದರಿಂದ ಕಾಂತ, ಕಾಂತಸ್, ಕಾಂತನ್‌ಗಳಿಗೆ ತಿಲ್ದೆ ಬೇಡ. ಒತ್ತು ಬೇರೆಡೆ ಬಿದ್ದರೆ ತಿಲ್ದೆ ಬರೆಯಲೇಬೇಕು. ಮರೆತರೆ ‘ಕಂತೋ’ (ಅವನು ಹಾಡಿದ) ಹೋಗಿ ‘ಕಾಂತೊ’ (ನಾನು ಹಾಡುತ್ತೇನೆ) ಆಗುತ್ತದೆ. ಸಣ್ಣ ಗೆರೆಯೆಂದು ಬಿಡುವಂತಿಲ್ಲ, ಕಾಲವೂ ಪುರುಷವೂ ಒಟ್ಟಿಗೆ ಬದಲಾದವು.

ಒತ್ತು ಕೆಲವೊಮ್ಮೆ ಧಾತುವನ್ನೇ ಬದಲಿಸುತ್ತದೆ. ಪೊದೇರ್ (ಸಾಧ್ಯವಾಗು) ಧಾತುವಿನ ‘ಒ’ ತನ್ನ ಮೇಲೆ ಒತ್ತು ಬಿದ್ದಾಗ ‘ವೆ’ ಆಗುತ್ತದೆ: ಪ್ವೇದೊ. ‘ಪೊದೇಮೊಸ್’ನಲ್ಲಿ ಒತ್ತು ಮುಂದೆ ಸರಿದದ್ದರಿಂದ ‘ಒ’ ಹಾಗೇ ಉಳಿಯಿತು. ವರ್ತಮಾನದ ಆರು ರೂಪಗಳಲ್ಲಿ ನಾಲ್ಕು ಬದಲಾಗಿ, ‘ನಾವು’ ಮತ್ತು ‘ನೀವು’ (ಬೊಸೋತ್ರೊಸ್) ರೂಪಗಳೆರಡೇ ಬದಲಾಗದಿರುವುದು ಇದರಿಂದ.