ಊರಿನ ಜಾಗ ಎಲ್ಲಾ ಮುಗಿದವು, ಇನ್ನು ಪೋರ್ಟ್ರೇಟ್ ಎಲ್ಲಿ ತೆಗೆಯೋದು?

ಓದುಗರ ಪ್ರಶ್ನೆ: ನಾನು ಧಾರವಾಡದವನು. ಫ್ಲ್ಯಾಶ್ ಬಳಸುವುದಿಲ್ಲ, ಬರೀ ಬಿಸಿಲು-ನೆರಳಿನಲ್ಲೇ ಪೋರ್ಟ್ರೇಟ್, ಅಂದರೆ ಜನರ ಮುಖದ ಫೋಟೋ ತೆಗೆಯುತ್ತೇನೆ. ಉಣಕಲ್ ಕೆರೆ, ನೃಪತುಂಗ ಬೆಟ್ಟ, ಸಾಧನಕೇರಿ, ಕರ್ನಾಟಕ ಕಾಲೇಜಿನ (ಕೆಸಿಡಿ) ಆವರಣ ಎಲ್ಲಾ ಆಯ್ತು. ಈಗ ಯಾರಾದರೂ ಶೂಟ್‌ಗೆ ಕರೆದರೆ ಹುಮ್ಮಸ್ಸೇ ಬರುವುದಿಲ್ಲ. ಹೊಸ ಜಾಗ, ಹೊಸ ಐಡಿಯಾ ಎಲ್ಲಿಂದ ತರಲಿ?

ಇದೇ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೆರೆಯ ಹೆಸರು ಮಾತ್ರ ಬದಲಾಗುತ್ತದೆ. ಗದಗದವರು ಭೀಷ್ಮ ಕೆರೆ ಅನ್ನುತ್ತಾರೆ, ಹಾವೇರಿಯವರು ಹೆಗ್ಗೇರಿ ಅನ್ನುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಅಲ್ಲಿಗೆ ಎಷ್ಟು ಗಂಟೆಗೆ ಹೋಗಿದ್ದಿರಿ? ಉತ್ತರ ಬಹುತೇಕ ಒಂದೇ ಇರುತ್ತದೆ. ಭಾನುವಾರ, ಸಂಜೆ ಐದು. ಅಂದರೆ ನಾಲ್ಕು ಜಾಗ ಸುತ್ತಿ ಒಂದೇ ಬೆಳಕನ್ನು ನಾಲ್ಕು ಸಲ ನೋಡಿ ಬಂದಿದ್ದೀರಿ. ಒಂದೇ ಸಾರನ್ನು ದಿನಾ ಬೇರೆ ತಟ್ಟೆಗೆ ಬಡಿಸಿಕೊಂಡರೆ ಬಾಯಿ ಕೆಡದೆ ಇನ್ನೇನು?

ನನಗೂ ಹೀಗಾಗಿತ್ತು. ಮದುವೆಗೆ ಮುಂಚಿನ ಒಂದು ಶೂಟ್. ಮೇ ತಿಂಗಳು, ಮಧ್ಯಾಹ್ನ ಎರಡೂವರೆ. ಹಿಂದೆ ಕೆರೆ ನೀರು ಫಳಫಳ ಹೊಳೆಯುತ್ತಿತ್ತು, ನಾನು ಅದಕ್ಕೆ ಮರುಳಾದೆ. ಮನೆಗೆ ಬಂದು ನೋಡಿದರೆ ಹುಡುಗನ ಎರಡೂ ಕಣ್ಣು ಕಪ್ಪು ಕುಣಿ. ಮೂಗಿನ ನೆರಳು ಮೀಸೆಯ ಮೇಲೆ ಇನ್ನೊಂದು ಮೀಸೆ. ಫೋಟೋ ನೋಡಿದ ಅವನ ತಾಯಿ, "ಯಾಕ್ರಿ, ಅವತ್ತ ನಮ್ಮ ಹುಡುಗಗ ಅರಾಮ ಇದ್ದಿದ್ದಿಲ್ಲೇನು?" ಅಂದರು. ಆವತ್ತಿನಿಂದ ಹುಡುಕುವ ಕ್ರಮ ಬದಲಾಯಿಸಿದೆ. ಮೊದಲು ಮುಖದ ಮೇಲೆ ಬೀಳುವ ಬೆಳಕು, ಆಮೇಲೆ ಹಿನ್ನೆಲೆ.

ಬೆಳಕು ಹುಡುಕಲು ಒಂದು ಪುಕ್ಕಟೆ ಉಪಾಯವಿದೆ. ಮುಷ್ಟಿ ಕಟ್ಟಿ ಮುಖದ ಎತ್ತರಕ್ಕೆ ಹಿಡಿಯಿರಿ. ನಿಂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಕಣ್ಣು ಬೆರಳ ಗೆಣ್ಣುಗಳ ಮೇಲೇ ಇರಲಿ. ಒಂದು ಕಡೆ ಗೆಣ್ಣಿನ ನೆರಳು ಬ್ಲೇಡಿನಿಂದ ಗೀರಿದ ಹಾಗೆ ಕಾಣುತ್ತದೆ. ಇನ್ನೊಂದು ಕಡೆ ತಿರುಗಿದಾಗ ಅದೇ ನೆರಳು ಮೆಲ್ಲಗೆ ಕರಗುತ್ತದೆ, ಚರ್ಮದ ಗೆರೆಗಳು ಕಪ್ಪಾಗದೆ ಕಾಣುತ್ತವೆ. ಕರಗುವ ಕಡೆಗೆ ಮುಖ ಮಾಡಿಸಿ ನಿಲ್ಲಿಸಿ. ಸುಮ್ನೆ ಸಂತೆಗೆ ಹೋದಾಗಲೂ ನಾನು ಹೀಗೆ ಮುಷ್ಟಿ ತಿರುಗಿಸುತ್ತೇನೆ. ಜನ ಒಂಥರಾ ನೋಡುತ್ತಾರೆ, ನೋಡಲಿ.

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಒಂದು ಸಂದಿ ನನಗೆ ಹೀಗೇ ಸಿಕ್ಕಿದ್ದು. ಬೆಳಗ್ಗೆ ಹನ್ನೊಂದು. ಸಂದಿಯ ಒಂದು ಬದಿಯ ಸುಣ್ಣದ ಗೋಡೆಗೆ ಬಿಸಿಲು ರಪ್ಪಂತ ಬಡಿಯುತ್ತಿತ್ತು. ಎದುರು ಬದಿ ಪೂರ್ತಿ ನೆರಳು. ಆ ನೆರಳಿನ ಮೆಟ್ಟಿಲ ಮೇಲೆ ಬಳೆ ಮಾರುವ ಅಜ್ಜಿ ಕೂತಿದ್ದರು. ಬಿಸಿಲಿನ ಗೋಡೆಯೇ ಅವರಿಗೆ ದೊಡ್ಡ ದೀಪ. ಕೆನ್ನೆಯ ಒಂದೊಂದು ಸುಕ್ಕೂ ಕಾಣುತ್ತಿತ್ತು, ಯಾವ ಸುಕ್ಕೂ ಕಪ್ಪಾಗಿರಲಿಲ್ಲ. ಕಣ್ಣಿನ ಗುಡ್ಡೆಯಲ್ಲಿ ಆ ಗೋಡೆ ಬಿಳಿ ಕಿಟಕಿಯ ಹಾಗೆ ಮೂಡಿತ್ತು. ಕೇಳಿದೆ, ಕೂತರು, ಆರೇಳು ಕ್ಲಿಕ್ ಆಯಿತು. ಪಕ್ಕದ ಅಂಗಡಿಯವರಿಗೆ ನನ್ನ ಮೇಲೆ ಕನಿಕರ. "ಇಲ್ಲೇನ್ ತಗೀತೀರಿ ಅಣ್ಣಾರ, ಉಣಕಲ್ ಕೆರಿಗೆ ಹೋಗ್ರಿ, ಅಲ್ಲೆ ಛಂದ ಬರ್ತಾವ" ಅಂದರು. ಒಂದು ಗಂಟೆಗೆ ಹಾದು ಹೋದಾಗ ನೋಡಿದರೆ ಗೋಡೆಯ ಬಿಸಿಲು ಹೋಗಿತ್ತು. ಸಂದಿ ಮಾಮೂಲಿ ಸಂದಿ.

ಸೂರ್ಯನ ಲೆಕ್ಕ ಸ್ವಲ್ಪ ತಿಳಿದರೆ ಇಂಥ ಸಂದಿಗಳು ಹತ್ತಾಗುತ್ತವೆ. ನಮ್ಮ ಭಾಗದಲ್ಲಿ ಸೂರ್ಯ ತುತ್ತತುದಿಗೆ ಬರುವುದು ಸರಿಯಾಗಿ ಹನ್ನೆರಡಕ್ಕಲ್ಲ, ಹನ್ನೆರಡೂವರೆ ಸುಮಾರಿಗೆ. ವಿಡಿಯೋಗಳಲ್ಲಿ ಸೂರ್ಯ ಮುಳುಗುವ ಮುಂಚಿನ ಹೊಂಬಿಸಿಲಿಗೆ ಗೋಲ್ಡನ್ ಅವರ್ ಅಂತ ಹೇಳುತ್ತಾರಲ್ವಾ, ಅದು ನಮ್ಮಲ್ಲಿ ಪೂರ್ತಿ ಒಂದು ಗಂಟೆ ಸಿಗುವುದಿಲ್ಲ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ದಿಗಂತದಿಂದ 10 ಡಿಗ್ರಿ ಮೇಲಿದ್ದವನು ಸುಮಾರು 40 ನಿಮಿಷದಲ್ಲಿ ಮುಳುಗಿರುತ್ತಾನೆ. ಕೊನೆಯ 20-25 ನಿಮಿಷವೇ ನಿಜವಾದ ಚಿನ್ನ. ಆ ಹೊತ್ತಿನಲ್ಲಿ ನೀವು ಸೀರೆ ಬದಲಾಯಿಸಲು ಕಳಿಸಿದರೆ ಮುಗೀತು.

ಇನ್ನೊಂದು ಸಂಗತಿ. ಉತ್ತರದ ಕಿಟಕಿಗೆ ನೇರ ಬಿಸಿಲು ಬರುವುದಿಲ್ಲ, ಅಲ್ಲಿ ಯಾವಾಗಲೂ ಮೆತ್ತನೆ ಬೆಳಕು ಅನ್ನುತ್ತಾರೆ. ಅದು ಯುರೋಪಿನ ಚಿತ್ರಕಾರರ ಮನೆಗೆ ಸರಿ. ನಮ್ಮಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಹುಟ್ಟುವುದು, ಮುಳುಗುವುದೂ ಉತ್ತರಕ್ಕೆ ಸರಿದಿರುತ್ತದೆ. ಆಗ ದಕ್ಷಿಣದ ಬಾಗಿಲು ಹಿಡಿಯಿರಿ. ವರ್ಷದ ಉಳಿದ ದಿನ ಉತ್ತರದ ಬಾಗಿಲು. ಒಂದೇ ಮನೆಯಲ್ಲಿ ಎರಡು ಲೊಕೇಶನ್ ಆಯ್ತು ನೋಡಿ.

ಈ ಲೆಕ್ಕಕ್ಕೆ ನನಗೆ ತುಂಬಾ ಇಷ್ಟದ ಜಾಗ ಹಾವೇರಿಯ ಸಿದ್ಧೇಶ್ವರ ಗುಡಿ. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಇದು ಪಶ್ಚಿಮಕ್ಕೆ. ಹಾಗಾಗಿ ಸಂಜೆಯ ಬಿಸಿಲು ಎದುರಿನಿಂದಲೇ ಬಂದು ಕಂಬಗಳಿಗೆ ತಾಗುತ್ತದೆ. ಕಲ್ಲು ಬಳಪದ ಕಲ್ಲು, ಮಾಸಲು ಹಸಿರು-ಬೂದು ಬಣ್ಣ. ಅದರ ಮುಂದೆ ಕಂದು ಮೈಬಣ್ಣ ಎಷ್ಟು ಬೆಚ್ಚಗೆ ಕಾಣುತ್ತದೆ ಅಂದರೆ ಎಡಿಟಿಂಗ್‌ನಲ್ಲಿ ಮುಟ್ಟುವುದೇ ಬೇಡ. ಸೂರ್ಯ ಮುಳುಗುವ ಜಾಗ ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ಡಿಸೆಂಬರ್‌ನಲ್ಲಿ ನಟ್ಟ ಪಶ್ಚಿಮದಿಂದ ಸುಮಾರು 24 ಡಿಗ್ರಿ ಎಡಕ್ಕೆ, ಜೂನ್‌ನಲ್ಲಿ ಅಷ್ಟೇ ಬಲಕ್ಕೆ. ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸಿನಲ್ಲಿ ನಟ್ಟ ಪಶ್ಚಿಮ. ಗುಡಿ ಅದೇ, ಕಂಬ ಅದೇ. ಮುಖದ ಮೇಲೆ ನೆರಳು ಬೀಳುವ ಕಡೆ ಮಾತ್ರ ಬೇರೆ. ವರ್ಷಕ್ಕೆ ಮೂರು ಸಲ ಹೋದರೂ ಮೂರು ಬೇರೆ ಫೋಟೋ.

ಗದಗಿನಿಂದ 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋದರೆ ಗುಡಿಗಳ ಮುಂದೆ ಸಾಲುಗಟ್ಟಬೇಡಿ, ಮುಸುಕಿನ ಬಾವಿ ಅನ್ನುವ ಮೆಟ್ಟಿಲು ಬಾವಿ ನೋಡಿ. ಅಲ್ಲಿ ಬೆಳಕಿಗೆ ಇರುವುದು ಮೇಲಿನ ಆಕಾಶ ಒಂದೇ. ಒಂದೊಂದು ಮೆಟ್ಟಿಲು ಇಳಿದ ಹಾಗೆ ಬೆಳಕು ಒಂದೊಂದು ಗುಟುಕು ಕಡಿಮೆ. ಎಲ್ಲಿ ಗಲ್ಲ ತುಸು ಮೇಲೆತ್ತಿಸಿದರೆ ಕಣ್ಣಿಗೆ ಹೊಳಪು ಬರುತ್ತದೋ ಅಲ್ಲಿ ನಿಲ್ಲಿಸಿ. ಇಂಥ ಸಂರಕ್ಷಿತ ಜಾಗಗಳಲ್ಲಿ ಟ್ರೈಪಾಡ್ ಊರುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಿ. ಒಂದು ಕಡೆ ನಾನು ತೆಗೆದುಕೊಳ್ಳದೆ ಹೋಗಿ, ಮದುಮಗಳ ಎದುರೇ ಬೈಸಿಕೊಂಡು ಬಂದಿದ್ದೇನೆ. ರೈಲ್ವೆ ನಿಲ್ದಾಣ, ಕಾಲೇಜು ಆವರಣಕ್ಕೂ ಇದೇ ಮಾತು.

ಬಣ್ಣದ ಹುಚ್ಚಿದ್ದರೆ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಅಲ್ಲಿನ ಮಾರುಕಟ್ಟೆ ಅಂಗಳ ಕೆಂಪೋ ಕೆಂಪು. ಆದರೆ ಒಂದು ಎಚ್ಚರಿಕೆ. ಬಿಸಿಲಲ್ಲಿ ಆ ರಾಶಿಯ ಪಕ್ಕ ಕೂರಿಸಿದರೆ ಕೆಂಪು ಪೂರ್ತಿ ಗಲ್ಲದ ಕೆಳಗೆ, ಮೂಗಿನ ಕೆಳಗೆ ಬಂದು ಕೂರುತ್ತದೆ. ಹಮಾಲರೊಬ್ಬರ ಫೋಟೋ ತೆಗೆದಾಗ ಅರ್ಧ ಮುಖ ಜ್ವರ ಬಂದವರ ಹಾಗೆ ಕೆಂಪಾಗಿತ್ತು. ಕ್ಯಾಮೆರಾದಲ್ಲಿ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ತಿರುಗಿಸಿದರೆ ಹಣೆ ನೀಲಿಯಾಯಿತು. ರಾಶಿಯಿಂದ ನಾಲ್ಕು ಹೆಜ್ಜೆ ಈಚೆ ತಂದು, ತಗಡಿನ ಶೆಡ್ಡಿನ ಅಂಚಿನ ನೆರಳಲ್ಲಿ ನಿಲ್ಲಿಸಿದ ಮೇಲೆ ಸರಿಹೋಯ್ತು. ಕೆಂಪು ಹಿಂದೆ ಉಳಿಯಿತು, ಮುಖ ಮುಖವಾಯಿತು. ಅಲ್ಲಿ ಲೆನ್ಸ್ ಮಾತ್ರ ಬದಲಾಯಿಸಬೇಡಿ. ಘಾಟಿಗೆ ಸೀನಿದ್ದೇ ಸೀನಿದ್ದು.

ಧಾರವಾಡದ ಮರಗಳ ಕೆಳಗೂ ಇದೇ ತಾಪತ್ರಯ, ಬಣ್ಣ ಮಾತ್ರ ಹಸಿರು. ದಟ್ಟ ಮರದ ನಡುವೆ ನಿಂತವರು ಕಾಮಾಲೆ ಆದವರ ಹಾಗೆ ಕಾಣುತ್ತಾರೆ. ನೆರಳು ಮುಗಿಯುವ ಅಂಚಿಗೆ ಕರೆತನ್ನಿ.

ಹೊಲಕ್ಕೆ ಹೋಗುವವರು ಮಣ್ಣನ್ನೂ ನೋಡಬೇಕು. ನವಲಗುಂದ, ಗದಗ ಕಡೆಯ ಕಪ್ಪು ಮಣ್ಣಿನ ಎರೆ ಹೊಲ ಬೆಳಕನ್ನು ನುಂಗುತ್ತದೆ. ಕೆಳಗಿನಿಂದ ಮುಖಕ್ಕೆ ಏನೂ ವಾಪಸ್ ಬರುವುದಿಲ್ಲ, ಕಣ್ಣು ಕಪ್ಪಾಗುತ್ತವೆ. ಅದೇ ಹೊಲದ ಕಣದಲ್ಲಿ ಹಿಂಗಾರಿ ಜೋಳದ ಕಣಿಕೆ ಒಟ್ಟಿ ಬಣವಿ ಹಾಕಿರುತ್ತಾರಲ್ಲ, ಅದು ನನ್ನ ಪ್ರಕಾರ ಜಿಲ್ಲೆಯಲ್ಲೇ ದೊಡ್ಡ ರಿಫ್ಲೆಕ್ಟರ್, ಅಂದರೆ ಬೆಳಕನ್ನು ಮುಖಕ್ಕೆ ವಾಪಸ್ ಕಳಿಸುವ ಹಲಗೆ. ಸಂಜೆ ಬಿಸಿಲು ಬಣವಿಗೆ ಬೀಳಲಿ, ವ್ಯಕ್ತಿಯ ಬೆನ್ನಿಗೂ ಬೀಳಲಿ, ಮುಖ ಬಣವಿಯ ಕಡೆ ಇರಲಿ. ತಿಳಿ ಹೊಂಬಣ್ಣ ಮುಖದ ತುಂಬ ಹರಡುತ್ತದೆ. ಕೂದಲಂಚಿಗೆ ಬಿಸಿಲಿನ ಗೆರೆ ಬೋನಸ್ಸು. ಹೊಲದವರನ್ನು ಕೇಳಿಯೇ ಹೋಗಿ. ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟರೆ ಮುಂದಿನ ವರ್ಷ ಅವರೇ ಫೋನ್ ಮಾಡಿ ಕರೆಯುತ್ತಾರೆ.

ಮಳೆಗಾಲದಲ್ಲಿ ಮನೆ ಸೇರಿ. ಹಳೆಯ ಮಾಳಿಗೆ ಮನೆಗಳ ಬೆಳಕಿಂಡಿ, ಹಂಚಿನ ಮನೆಯ ಒಂದೇ ಒಂದು ಗಾಜಿನ ಹಂಚು, ಪಡಸಾಲೆಯ ಬಾಗಿಲು ಇವೆಲ್ಲ ನಮ್ಮ ಸ್ಟುಡಿಯೋಗಳೇ. ಬಾಗಿಲಿಂದ ಒಂದು ಮಾರು ಒಳಗೆ ಕೂರಿಸಿ ಒಂದು ಫೋಟೋ, ಎರಡು ಮಾರು ಒಳಗೆ ಕೂರಿಸಿ ಇನ್ನೊಂದು. ಮೊದಲನೆಯದರಲ್ಲಿ ಮುಖ ಬೆಳಗಿ ಹಿಂದಿನ ಗೋಡೆ ಕತ್ತಲಾಗುತ್ತದೆ. ಎರಡನೆಯದರಲ್ಲಿ ಗೋಡೆ, ಗೋಡೆಯ ಮೇಲಿನ ಹಿರಿಯರ ಫೋಟೋ ಎಲ್ಲಾ ಕಾಣತೊಡಗುತ್ತವೆ. ಮುಖದ ನೆರಳು ಜಾಸ್ತಿ ಅನಿಸಿದರೆ ಆ ಬದಿಗೆ ಬಿಳಿ ಧೋತರ ಹಿಡಿಸಿ, ಇಲ್ಲವೇ ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಹಾಳೆ.

ಇನ್ನು ಹುಮ್ಮಸ್ಸಿನ ಮಾತು. ಮೊಬೈಲಿನಲ್ಲಿ ಬೇರೆಯವರ ಫೋಟೋ ನೋಡಿ ನೋಡಿ ಹುಮ್ಮಸ್ಸು ಬಂದಿದ್ದನ್ನು ನಾನಂತೂ ಕಂಡಿಲ್ಲ, ಹೊಟ್ಟೆಕಿಚ್ಚು ಬಂದಿದ್ದು ಕಂಡಿದ್ದೇನೆ. ನನಗೆ ಕೆಲಸಕ್ಕೆ ಬಂದದ್ದು ಕೂರುವವರ ಜೊತೆ ಮಾತು. ಶೂಟ್‌ಗೆ ಮುಂಚೆ ಚಹಾ ಕುಡಿಯುತ್ತಾ "ದಿನಾ ಬೆಳಗ್ಗೆ ಒಂಬತ್ತಕ್ಕ ಎಲ್ಲಿರತೀರಿ?" ಅಂತ ಕೇಳುತ್ತೇನೆ. ಒಬ್ಬರು ಬೆಟಗೇರಿಯಲ್ಲಿ ಮಗ್ಗದ ಮುಂದೆ ಅಂದರು. ಅವರು ನೃಪತುಂಗ ಬೆಟ್ಟದ ಬೆಂಚಿನ ಮೇಲೆ ಕೂತಿದ್ದರೆ ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ಮಗ್ಗದ ಮುಂದೆ ಕೈಗೆ ತನ್ನ ಜಾಗ ಗೊತ್ತಿತ್ತು. ಪಕ್ಕದ ಕಿಟಕಿಯ ಬೆಳಕು ನೂಲಿನ ಮೇಲೆ ಬಿದ್ದು ಅಲ್ಲಿಂದ ಮುಖಕ್ಕೆ ಏರುತ್ತಿತ್ತು. ನಾನು ಕಿಟಕಿಯ ಒಂದು ಬಾಗಿಲು ಮುಚ್ಚಿದೆ, ಅಷ್ಟೇ ನನ್ನ ಕೆಲಸ.

ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಜಾಗ, ಬಾಗಿಲಿನ ದಿಕ್ಕು, ತಿಂಗಳು, ಗಂಟೆ, ಎದುರು ಗೋಡೆಯ ಬಣ್ಣ, ಯಾರನ್ನು ಕೇಳಬೇಕು ಇಷ್ಟು ಬರೆದರೆ ಸಾಕು. ಮೊನ್ನೆ ನಾನು ಬರೆದದ್ದು ಹೀಗಿದೆ: "ನಮ್ಮ ಓಣಿಯ ಹಿಟ್ಟಿನ ಗಿರಣಿ. ಬಾಗಿಲು ಪೂರ್ವಕ್ಕೆ. ಬೆಳಗ್ಗೆ 8.40, ಬಿಸಿಲು ಹೊಸ್ತಿಲು ದಾಟಿ ಎರಡು ಹೆಜ್ಜೆ ಒಳಗೆ. ಹಿಟ್ಟಿನ ಧೂಳಿನಲ್ಲಿ ಬಿಸಿಲಿನ ಕೋಲು. ಗಿರಣಿ ಕಾಕಾನ ರೆಪ್ಪೆ, ಹುಬ್ಬು ಎಲ್ಲಾ ಬಿಳಿ." ಹದಿನೈದು ವರ್ಷದಿಂದ ಅಲ್ಲೇ ಜೋಳ ಬೀಸಿಸುತ್ತಿದ್ದೇನೆ. ಕಾಕಾನನ್ನು ಇನ್ನೂ ಕೇಳಿಲ್ಲ, ನಾಳೆ ಡಬ್ಬಿ ಒಯ್ದಾಗ ಕೇಳಬೇಕು.