ಅಪ್ಪ ಆಡಿದ್ರ ಮಗನೂ ಆಡ್ತಾನೇನ್ರಿ?

ಪ್ರಶ್ನೆ: ಭಾರತ ಫುಟ್‌ಬಾಲ್ ತಂಡದ ಕೋಚ್ ಇದ್ದ ರಹೀಂ ಸಾಹೇಬ್ರ ಮಗ ಹಕೀಂ ಅವರು ನಮ್ಮ ಕಲಬುರಗಿ ದವಾಖಾನಿಯೊಳಗೇ ತೀರಿಕೊಂಡ್ರಂತ. ಅವರು ಖರೇನೇ ದೊಡ್ಡ ಆಟಗಾರ ಇದ್ರೋ, ಅಪ್ಪನ ಹೆಸರಿನ ಮ್ಯಾಲೆ ಬಂದವ್ರೋ? ಈ ಫುಟ್‌ಬಾಲ್ ಮನೆತನಗಳೊಳಗ ಆಟ ರಕ್ತದಾಗೇ ಬರ್ತದೇನು?

ಉತ್ತರ: ಹೆಸರಿನ ಮೇಲೆ ಬಂದವರಲ್ಲ. ಆ ಹೆಸರಿನಿಂದ ಅವರಿಗೆ ಸಿಕ್ಕಿದ್ದಕ್ಕಿಂತ ಕೈತಪ್ಪಿದ್ದೇ ಹೆಚ್ಚು. ಅಪ್ಪ ಆಡಿದರೆ ಮಗ ಆಡುತ್ತಾನಾ ಅನ್ನುವ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಹಕೀಂ ಅವರಿಂದಲೇ ಶುರು ಮಾಡಿದರೆ ಬಿಡಿಸಿ ಹೇಳುವುದು ಸುಲಭ.

1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ್, ಈಗಿನ ಯಾದಗಿರಿ ಎಲ್ಲವೂ ಹೈದರಾಬಾದ್ ರಾಜ್ಯದಲ್ಲಿದ್ದವು. 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈನ ಫುಟ್‌ಬಾಲ್ ಟೂರ್ನಮೆಂಟ್ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ಈ ಭಾಗದವರಿಗೆ ಪರವೂರಿನ ತಂಡವಲ್ಲ, ತಮ್ಮದೇ ರಾಜಧಾನಿಯ ತಂಡ. ಅದನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಂ. ಮೂಲತಃ ಮೇಷ್ಟ್ರು. ಭಾರತ ತಂಡದ ಕೋಚ್ ಆಗಿ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು. ರಾಜ್ಯ ಒಡೆದು ಸರಿಯಾಗಿ ಒಂದು ತಿಂಗಳಿಗೆ, 1956ರ ಡಿಸೆಂಬರ್ 1ರಂದು, ಅವರ ಹುಡುಗರು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜಾ ಹ್ಯಾಟ್ರಿಕ್. ಕೊನೆಗೆ ನಾಲ್ಕನೇ ಸ್ಥಾನ.

ಅಂಥ ಅಪ್ಪನ ಮಗ ಸೈಯದ್ ಶಾಹಿದ್ ಹಕೀಂ ಮಿಡ್‌ಫೀಲ್ಡ್ ಆಟಗಾರ. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ತಂಡದಲ್ಲಿ ಅವರ ಹೆಸರಿತ್ತು, ಕೋಚ್ ಅಪ್ಪನೇ. ಆದರೆ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಇವತ್ತಿನ ಹಾಗೆ ಪಂದ್ಯದ ನಡುವೆ ಆಟಗಾರರನ್ನು ಬದಲಿಸುವ ಪದ್ಧತಿ ಆಗ ಇರಲಿಲ್ಲ. ವಿಶ್ವಕಪ್‌ಗೇ ಅದು ಬಂದದ್ದು 1970ರಲ್ಲಿ. ಮೊದಲ ಹನ್ನೊಂದರಲ್ಲಿ ಇಲ್ಲ ಅಂದರೆ ಇಲ್ಲವೇ ಇಲ್ಲ. ಮುಂದೆ ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಫಿಫಾ ರೆಫ್ರಿಯಾಗಿ 1988ರ ಕತಾರ್ ಏಷ್ಯಾ ಕಪ್‌ನಲ್ಲಿ ಸೀಟಿ ಊದಿದರು. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಪಿ.ಕೆ. ಬ್ಯಾನರ್ಜಿಯವರ ಸಹಾಯಕ ಕೋಚ್. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ. 2021ರ ಆಗಸ್ಟ್ 22ರಂದು, 82ನೇ ವಯಸ್ಸಿನಲ್ಲಿ, ಕಲಬುರಗಿಯಲ್ಲಿ ನಿಧನ. ಆಟಗಾರ, ಕೋಚ್, ರೆಫ್ರಿ ಮೂರೂ ಆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಆದರೂ ಪೇಪರಿನಲ್ಲಿ ಅವರ ಹೆಸರಿನ ಪಕ್ಕ 'ರಹೀಂ ಪುತ್ರ' ಅನ್ನುವುದು ತಪ್ಪಲಿಲ್ಲ.

ಇನ್ನು ರಕ್ತದ ಮಾತು. ಎತ್ತರ, ಓಟದ ವೇಗ, ಸ್ನಾಯುವಿನ ಕಟ್ಟು ಒಂದಿಷ್ಟು ಬಳುವಳಿಯಾಗಿ ಬರುತ್ತವೆ, ಸುಳ್ಳಲ್ಲ. ಆದರೆ ಚೆಂಡನ್ನು ನಿಲ್ಲಿಸುವ ಮೊದಲ ಸ್ಪರ್ಶ, ಚೆಂಡು ಬರುವ ಮುಂಚೆ ಹೆಗಲ ಮೇಲಿಂದ ಹಿಂದೆ ನೋಡುವ ಚಾಳಿ, ಇವು ರಕ್ತದಲ್ಲಿ ಬರುವುದಿಲ್ಲ. ಮನೆಯಂಗಳದಲ್ಲಿ ಬರುತ್ತವೆ. ಪೇಲೆಯ ಮಗ ಎಡಿನ್ಯೊ ಅಪ್ಪನ ಕ್ಲಬ್ ಸಾಂಟೋಸ್‌ನಲ್ಲೇ ಆಡಿದ, ಆದರೆ ಗೋಲ್‌ಕೀಪರ್ ಆಗಿ. ರಕ್ತವೇ ಎಲ್ಲ ಆಗಿದ್ದರೆ ಆ ಮನೆಯಿಂದ ಗೋಲು ತಡೆಯುವವನು ಯಾಕೆ ಬರುತ್ತಿದ್ದ?

ಮಾಲ್ಡೀನಿ ಮನೆಯನ್ನು ನೋಡಿ. ಚೆಸಾರೆ ಮಾಲ್ಡೀನಿ 1963ರಲ್ಲಿ ವೆಂಬ್ಲಿಯಲ್ಲಿ ಬೆನ್ಫಿಕಾವನ್ನು 2-1ರಿಂದ ಸೋಲಿಸಿದ ಎಸಿ ಮಿಲಾನ್ ತಂಡದ ನಾಯಕ. ಯುರೋಪಿಯನ್ ಕಪ್ ಎತ್ತಿದರು. ಸರಿಯಾಗಿ ನಲವತ್ತು ವರ್ಷಕ್ಕೆ, 2003ರಲ್ಲಿ, ಮತ್ತೆ ಇಂಗ್ಲೆಂಡಿನಲ್ಲೇ, ಮ್ಯಾಂಚೆಸ್ಟರಿನಲ್ಲಿ ಮಗ ಪಾವೊಲೊ ಅದೇ ಕಪ್ಪನ್ನು ನಾಯಕನಾಗಿ ಎತ್ತಿದ. ಮಿಲಾನ್ ಪರ ಪಾವೊಲೊ ಆಡಿದ್ದು 902 ಪಂದ್ಯ, ಗೆದ್ದ ಯುರೋಪಿಯನ್ ಕಪ್ ಐದು. ಇದನ್ನೆಲ್ಲ ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಮಾತು ಇನ್ನೊಂದಿದೆ: ಪಾವೊಲೊ ಹುಟ್ಟಾ ಬಲಗಾಲಿನವನು, ಹೆಸರು ಮಾಡಿದ್ದು ಎಡ ಬದಿಯ ಬ್ಯಾಕ್ ಆಗಿ. ಎಡಗಾಲು ದುಡಿದು ಸಂಪಾದಿಸಿದ್ದು. ಅದಕ್ಕೆ ವರ್ಷಗಟ್ಟಲೆ ಗೋಡೆಗೆ ಚೆಂಡು ಹೊಡೆಯಬೇಕು, 'ಇನ್ನೂ ನೂರು ಹೊಡಿ' ಅನ್ನುವ ದೊಡ್ಡವರು ಪಕ್ಕದಲ್ಲಿರಬೇಕು. ಮನೆತನ ಕೊಡುವುದು ಅದನ್ನೇ. ಮೊಮ್ಮಗ ಡಾನಿಯೆಲ್ 2024ರ ಅಕ್ಟೋಬರ್‌ನಲ್ಲಿ ಇಟಲಿ ಅಂಗಿ ತೊಟ್ಟಾಗ ಮೂರು ತಲೆಮಾರು ಆಯಿತು. ಆದರೆ ಇವನು ಡಿಫೆಂಡರ್ ಅಲ್ಲ, ಮುಂದೆ ಆಡುವವನು.

ಮನೆತನ ಅಂದ ಕೂಡಲೇ ಅಪ್ಪನ ಕಡೆಯೇ ನೋಡುತ್ತೇವೆ, ತವರಿನ ಕಡೆ ಕಣ್ಣು ಹಾಯುವುದೇ ಇಲ್ಲ. 1966ರ ವಿಶ್ವಕಪ್ ಗೆದ್ದ ಇಂಗ್ಲೆಂಡಿನ ಬಾಬಿ ಮತ್ತು ಜ್ಯಾಕ್ ಚಾರ್ಲ್‌ಟನ್ ಅಣ್ಣತಮ್ಮಂದಿರಿಗೆ ಫುಟ್‌ಬಾಲ್ ಬಂದದ್ದು ಅವ್ವ ಸಿಸ್ಸಿಯ ಕಡೆಯಿಂದ. ಆಕೆಯ ನಾಲ್ಕು ಜನ ಅಣ್ಣತಮ್ಮಂದಿರೂ ವೃತ್ತಿಪರ ಆಟಗಾರರು, ನ್ಯೂಕಾಸಲ್‌ನ ಜಾಕಿ ಮಿಲ್ಬರ್ನ್ ಕೂಡ ಅದೇ ಬಳಗ. ಸುನಿಲ್ ಛೆಟ್ರಿಯ ತಾಯಿಯೂ ಆಕೆಯ ಅವಳಿ ಸಹೋದರಿಯೂ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನಮ್ಮ ಊರಿನಿಂದ ರೈಲಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ.

ಚಾರ್ಲ್‌ಟನ್ನರ ಮನೆಯಲ್ಲೇ ಇನ್ನೊಂದು ಪಾಠ ಇದೆ. ಬಾಬಿ ಹೆಸರು ಜಗತ್ತಿಗೇ ಗೊತ್ತು. ಅಣ್ಣ ಜ್ಯಾಕ್ ಇಂಗ್ಲೆಂಡಿಗೆ ಮೊದಲ ಸಲ ಆಡಿದ್ದು 1965ರ ಏಪ್ರಿಲ್‌ನಲ್ಲಿ, ಮೂವತ್ತು ತುಂಬಲು ಒಂದು ತಿಂಗಳಿದ್ದಾಗ. ಹದಿನೈದು ತಿಂಗಳಿಗೆ ವಿಶ್ವ ಚಾಂಪಿಯನ್. ಅಷ್ಟು ತಡವಾಗಿ ಶುರುವಾದವರನ್ನು ಇವತ್ತಿನ ಟ್ರಯಲ್ಸ್‌ನಲ್ಲಿ ಸಾಲಿನಲ್ಲೂ ನಿಲ್ಲಿಸುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರಿದ್ದರೆ ಗೋಲು ಹೊಡೆಯುವವನಿಗೆ ಹೆಸರು, ಚೆಂಡು ತಡೆದು ಕೊಡುವವನಿಗೆ ಮಣ್ಣು. ಡೆನ್ಮಾರ್ಕಿನ ಲೌಡ್ರುಪ್ ಮನೆಯಲ್ಲಿ ಮಾತ್ರ ಲೆಕ್ಕ ಮಜವಾಗಿ ತಿರುಗಿತು: ಅಣ್ಣ ಮೈಕಲ್ ಹೆಚ್ಚು ಹೊಗಳಿಸಿಕೊಂಡವನು, ಆದರೆ ಕೋಚ್ ಜೊತೆ ಮನಸ್ತಾಪವಾಗಿ 1992ರ ಯುರೋ ತಂಡದಿಂದ ಹೊರಗಿದ್ದ. ತಮ್ಮ ಬ್ರಿಯಾನ್ ಆಡಿದ, ಕಪ್ ಗೆದ್ದ.

ಮನೆತನದ ಬೆಂಬಲ ಇಲ್ಲದವರ ಗತಿ ಇನ್ನೂ ಕಷ್ಟ. ಸಿಕಂದರಾಬಾದ್ ಸೀಮೆಯ ತುಳಸೀದಾಸ್ ಬಲರಾಂ ಅವರನ್ನು ಎಷ್ಟು ಜನ ನೆನೆಯುತ್ತಾರೆ? ಚುನಿ ಗೋಸ್ವಾಮಿ, ಪಿ.ಕೆ. ಬ್ಯಾನರ್ಜಿ, ಬಲರಾಂ ಎಂದು ಮೂವರ ಹೆಸರನ್ನು ಒಟ್ಟಿಗೇ ಹೇಳುತ್ತಿದ್ದ ಕಾಲ ಅದು. ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದದ್ದು ಮೂರು ಗೋಲು. ಎರಡು ಬಲರಾಂ ಅವರದು, ಹಂಗೆರಿ ಮತ್ತು ಪೆರು ವಿರುದ್ಧ. ಕಾಯಿಲೆಯಿಂದ ಇಪ್ಪತ್ತೇಳಕ್ಕೇ ಆಟ ಬಿಟ್ಟರು. ಉಳಿದಿಬ್ಬರಿಗೆ ಪದ್ಮಶ್ರೀ ಬಂತು, ಇವರಿಗೆ ಬರಲೇ ಇಲ್ಲ. 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಪಿ.ಕೆ. ಹೆಸರನ್ನು ಮುಂದಿನ ಪೀಳಿಗೆಗೂ ಮೈದಾನದಲ್ಲಿ ಹೊತ್ತು ತಿರುಗಲು ತಮ್ಮ ಪ್ರಸೂನ್ ಇದ್ದರು. ಹೈದರಾಬಾದಿನ ಹಬೀಬ್-ಅಕ್ಬರ್ ಜೋಡಿಯೂ ಹಾಗೇ: 1977ರಲ್ಲಿ ಪೇಲೆ ಇದ್ದ ನ್ಯೂಯಾರ್ಕಿನ ಕಾಸ್ಮೋಸ್ ಕ್ಲಬ್ ವಿರುದ್ಧ ಕೋಲ್ಕತ್ತಾದ ಮೋಹನ್ ಬಗಾನ್ 2-2 ಮಾಡಿಕೊಂಡಾಗ ಒಂದು ಗೋಲು ಅಣ್ಣ ಹಬೀಬ್‌ದು; ತಮ್ಮ ಅಕ್ಬರ್ 1976ರ ಕೋಲ್ಕತ್ತಾ ಡರ್ಬಿಯಲ್ಲಿ, ಅಂದರೆ ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಪಂದ್ಯದಲ್ಲಿ, ಹದಿನೇಳನೇ ಸೆಕೆಂಡಿಗೇ ಗೋಲು ಹೊಡೆದವರು. ಒಬ್ಬರ ಸುದ್ದಿ ತೆಗೆದರೆ ಇನ್ನೊಬ್ಬರು ತಾನೇ ನೆನಪಾಗುತ್ತಾರೆ.

ಹಾಗಾದರೆ ಅಪ್ಪ ಆಟಗಾರ ಅಲ್ಲದ ಮನೆಯಲ್ಲಿ ಏನು ಮಾಡಬೇಕು? ಮನೆತನ ಕೊಡುವುದನ್ನು ಬಿಡಿಬಿಡಿಯಾಗಿ ತಂದುಕೊಳ್ಳಬಹುದು. ಮೊದಲ ತಪ್ಪು ಆಗುವುದು ಚೆಂಡಿನಲ್ಲೇ. ಏಳು ವರ್ಷದ ಕೂಸಿಗೆ 5ನೇ ನಂಬರ್ ಚೆಂಡು ತಂದುಕೊಡುತ್ತಾರೆ, 'ಮುಂದೂ ಬರ್ತದ' ಅಂತ. ಅದರ ತೂಕ 410ರಿಂದ 450 ಗ್ರಾಂ, ಸುತ್ತಳತೆ 68ರಿಂದ 70 ಸೆಂ.ಮೀ. ಕೂಸು ಕಾಲ್ಬೆರಳ ತುದಿಯಿಂದ ಗುದ್ದಲು ಕಲಿಯುತ್ತದೆ, ಆ ಚಾಳಿ ಆಮೇಲೆ ಬಿಡಿಸುವುದು ಕಷ್ಟ. ಎಂಟರವರೆಗೆ 3ನೇ ನಂಬರ್, ಹನ್ನೆರಡರವರೆಗೆ 4ನೇ ನಂಬರ್. ಗಾಳಿ ಕಲ್ಲಿನಂತೆ ತುಂಬಬೇಡಿ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ತಗ್ಗಬೇಕು.

ಎರಡನೆಯದು ರಹೀಂ ಸಾಹೇಬರ ಮದ್ದು. ಅವರು ಹೈದರಾಬಾದಿನಲ್ಲಿ ವಿಚಿತ್ರ ಟೂರ್ನಮೆಂಟ್‌ಗಳನ್ನು ನಡೆಸುತ್ತಿದ್ದರು: ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ (ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡುವಂತಿಲ್ಲ), ಇನ್ನೊಂದರಲ್ಲಿ ಬಲಹೀನ ಕಾಲಿನಿಂದ ಮಾತ್ರ ಆಡಬೇಕು. ನೀವು ಹೀಗೆ ಮಾಡಿ: ನಾಲ್ಕು ನಾಲ್ಕು ಹುಡುಗರು, 30 ಹೆಜ್ಜೆ ಉದ್ದ 20 ಹೆಜ್ಜೆ ಅಗಲದ ಜಾಗ, ಗೋಲಿಗೆ ಎರಡು ಚಪ್ಪಲಿ. ಆರು ನಿಮಿಷ ಎಡಗಾಲು ಮಾತ್ರ. ಬಲಗಾಲು ತಾಗಿದರೆ ಚೆಂಡು ಎದುರಿನವರಿಗೆ. ಆಮೇಲೆ ಆರು ನಿಮಿಷ ಎರಡೆರಡು ಸ್ಪರ್ಶದ ಆಟ: ನಿಲ್ಲಿಸು, ಕೊಡು. ಮೊದಲ ವಾರ ಎಲ್ಲರೂ ನಗುತ್ತಾರೆ, ಎಡಗಾಲಿನ ಪಾಸು ಗಟಾರಕ್ಕೆ ಹೋಗುತ್ತದೆ. ಆಗ ನಿಯಮ ಸಡಿಲ ಮಾಡಿದರೆ ಕೆಟ್ಟಿತು. ಜಾಗ ಬೇಕಾದರೆ ಕಿರಿದು ಮಾಡಿ, ನಿಯಮ ಬಿಡಬೇಡಿ.

ನೆಲ ನೋಡಿ ಆಡಬೇಕು. ಕಲಬುರಗಿ, ಯಾದಗಿರಿ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಸಂದಿಯಲ್ಲಿ ಕಾಲು ಸಿಕ್ಕಿ ಹಿಮ್ಮಡಿಯ ಗಂಟು ಹೊರಳುತ್ತದೆ. ಮಳೆಯಾದರೆ ಅದೇ ಮಣ್ಣು ಬೂಟಿನಡಿಯ ಗುಬ್ಬಿಗಳ, ಅಂದರೆ ಸ್ಟಡ್‌ಗಳ, ನಡುವೆ ಮೆತ್ತಿ ಬೂಟು ಎರಡು ಪಟ್ಟು ಭಾರ. ಬೀದರಿನ ಜಂಬಿಟ್ಟಿಗೆ ನೆಲಕ್ಕೆ ಉದ್ದ ಸ್ಟಡ್ ಬೂಟು ಬೇಡವೇ ಬೇಡ: ಸ್ಟಡ್ ನೆಲಕ್ಕೆ ಇಳಿಯದೆ ಜಾರುತ್ತದೆ, ಚೆಂಡಿನ ಮೇಲ್ಪದರವೂ ಬೇಗ ಸವೆಯುತ್ತದೆ. ಸಣ್ಣ ರಬ್ಬರ್ ಗುಬ್ಬಿಗಳ ಟರ್ಫ್ ಶೂ ಸಾಕು. ಏಪ್ರಿಲ್-ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸಿಬಿಡಿ.

ವಯೋಮಿತಿಯ ಆಯ್ಕೆಯಲ್ಲಿ ಸೋತ ಹುಡುಗನ ಹುಟ್ಟಿದ ತಿಂಗಳನ್ನೂ ನೋಡಿ. ಜನವರಿ 1 ಗಡುವಾಗಿದ್ದರೆ ಡಿಸೆಂಬರ್ ಕೂಸು ತನಗಿಂತ ಹನ್ನೊಂದು ತಿಂಗಳು ದೊಡ್ಡ ಹುಡುಗನ ಎದುರು ಓಡುತ್ತಿರುತ್ತದೆ. ಹತ್ತರ ಪ್ರಾಯದಲ್ಲಿ ಅದು ಐದಾರು ಸೆಂ.ಮೀ. ಎತ್ತರದ ಲೆಕ್ಕ. ಆಟ ಬರುವುದಿಲ್ಲ ಎಂದಲ್ಲ.

ಅಪ್ಪನೇ ಕೋಚ್ ಆದರೆ? ಎರಡು ಅಪಾಯ. ಒಂದು, ಮಗನಿಗೆ ಸುಮ್ಮನೆ ಜಾಗ ಕೊಡುವುದು. ಇನ್ನೊಂದು, ಜನ ಏನಂದಾರು ಅಂತ ಮಗನನ್ನು ಬೇಕಂತಲೇ ಹಿಂದಿಡುವುದು. ಇದೂ ನಡೆಯುತ್ತದೆ. ಆಯ್ಕೆಯ ದಿನ ಬೇರೊಬ್ಬರು ಮಾರ್ಕು ಹಾಕಲಿ, ಅಂಗಿಯ ಮೇಲೆ ಹೆಸರು ಬೇಡ, ಅಂಕಿ ಇರಲಿ.

1962ರ ಸೆಪ್ಟೆಂಬರ್‌ನಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್ ಫೈನಲ್. ಭಾರತ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿತು, ಪಿ.ಕೆ. ಒಂದು, ತಲೆಗೆ ಪೆಟ್ಟು ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಮುಂದೆ ಆಡಿ ಒಂದು. ಕ್ಯಾನ್ಸರ್ ಇದ್ದ ಕೋಚ್ ರಹೀಂ ಮುಂದಿನ ಜೂನ್‌ನಲ್ಲಿ ತೀರಿಕೊಂಡರು, ಅದೇ ಅವರ ಕೊನೆಯ ದೊಡ್ಡ ಪಂದ್ಯ. ಆ ಚಿನ್ನದ ತಂಡಕ್ಕೆ ಸ್ವಲ್ಪದರಲ್ಲೇ ಆಯ್ಕೆ ತಪ್ಪಿಸಿಕೊಂಡವರಲ್ಲಿ 23ರ ಹಕೀಂ ಒಬ್ಬರು.