ಮೂರು ಸಾಲಿನ ಫಲಕ, ಮೂರು ಸುತ್ತಿನ ಕಂದಕ

ಒಸಾಕಾದ ದಕ್ಷಿಣಕ್ಕಿರುವ ಸಾಕೈ ನಗರದ ಮೊಜು ನಿಲ್ದಾಣದಲ್ಲಿ ರೈಲು ಇಳಿದು ಸ್ವಲ್ಪ ನಡೆದರೆ ದೈಸೆನ್ ಉದ್ಯಾನ ಸಿಗುತ್ತದೆ. ಹುಲ್ಲುಹಾಸು, ವಸ್ತುಸಂಗ್ರಹಾಲಯ, ಜಪಾನಿ ಶೈಲಿಯ ತೋಟ, ನಡುನಡುವೆ ಪುಟ್ಟ ಪುಟ್ಟ ಮಣ್ಣಿನ ದಿಬ್ಬಗಳು. ರಸ್ತೆಯಾಚೆ ಉತ್ತರಕ್ಕೆ ಒಂದು ದಟ್ಟ ಕಾಡು. ಆ ಕಾಡೇ ಜಪಾನಿನ ಅತಿ ದೊಡ್ಡ ಸಮಾಧಿ, ದೈಸೆನ್ ಕೊಫುನ್. ಕೊಫುನ್ ಎಂದರೆ ಪ್ರಾಚೀನ ಸಮಾಧಿ ದಿಬ್ಬ.

ನೋಡಲು ಬಂದವರಿಗೆ ಮೊದಲು ಆಗುವುದು ನಿರಾಸೆ. ಚಿತ್ರಗಳಲ್ಲಿ ಕಾಣುವ ಬೀಗದ ಕಿಂಡಿಯ ಆಕಾರ ಆಕಾಶದಿಂದ ಮಾತ್ರ ಗೊತ್ತಾಗುವಂಥದ್ದು. ನಗರಸಭೆ ಕಟ್ಟಡದ 21ನೇ ಮಹಡಿಗೆ ಹತ್ತಿ ನೋಡಿದರೂ ಕಾಣುವುದು ಹಸಿರು ಗುಡ್ಡವೊಂದೇ. ಸುತ್ತಲಿನ ಮೂರು ಕಂದಕಗಳ ಹೊರಬದಿಯಲ್ಲಿ ಸುಮಾರು 2.8 ಕಿಲೋಮೀಟರ್ ನಡೆಯಬಹುದು, ಒಳಗೆ ಕಾಲಿಡುವಂತಿಲ್ಲ. ದಕ್ಷಿಣದ ತುದಿಯಲ್ಲಿ ಕೈಮುಗಿಯಲು ಒಂದು ಅಂಗಳವಿದೆ: ಜಲ್ಲಿಕಲ್ಲು, ಬೇಲಿ, ಅದರಾಚೆ ತೋರಿ ಎಂಬ ಶಿಂಟೊ ಕಮಾನು. ಪಕ್ಕದಲ್ಲೊಂದು ಫಲಕ. ಅದರಲ್ಲಿ ಮೂರೇ ಕಟ್ಟಳೆಗಳು: ಸುಮ್ಮಸುಮ್ಮನೆ ಒಳಗೆ ಹೋಗಕೂಡದು, ಮೀನು, ಹಕ್ಕಿ ಹಿಡಿಯಕೂಡದು, ಬಿದಿರು, ಮರ ಕಡಿಯಕೂಡದು.

ಜಪಾನಿನ ಎಲ್ಲ ರಾಜಸಮಾಧಿಗಳ ಮುಂದೆಯೂ ಇದೇ ಒಕ್ಕಣೆ. ಆದರೆ ಯಾರೂ ಮಾಡದ ಕೆಲಸಕ್ಕೆ ಯಾರು ತಾನೆ ಫಲಕ ನೆಡುತ್ತಾರೆ? ಎದೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದವರೆಗೆ, ಈ ದಿಬ್ಬ ಇಷ್ಟು ದೂರದ್ದಾಗಿರಲಿಲ್ಲ. ಕಂದಕದ ನೀರು ಸುತ್ತಲಿನ ಗದ್ದೆಗಳಿಗೆ ಹರಿಯುತ್ತಿತ್ತು, ಊರಿನವರು ಒಳಗೆ ಹೋಗಿಬರುತ್ತಿದ್ದರು. ಅವರ ಪಾಲಿಗೆ ಅದು ರಾಜನ ಗೋರಿಯೂ ಹೌದು, ಊರಿನ ಕೆರೆ, ಗೋಮಾಳವೂ ಹೌದು.

ಬೇಲಿ ಬಿಗಿಯಾದದ್ದು 1860ರ ದಶಕದಿಂದ ಈಚೆಗೆ. ಶೋಗನರೆಂಬ ಸೇನಾಧಿಪತಿಗಳ ಆಡಳಿತ ಕುಸಿಯುತ್ತಿತ್ತು, ಚಕ್ರವರ್ತಿಯ ಹೆಸರಿಗೆ ಹೊಸ ತೂಕ ಬರುತ್ತಿತ್ತು. ಹಳೆಯ ಚಕ್ರವರ್ತಿಗಳ ಸಮಾಧಿಗಳನ್ನು ಹುಡುಕಿ, ಗುರುತಿಸಿ, ದುರಸ್ತಿ ಮಾಡುವ ಕೆಲಸ ಭರದಿಂದ ನಡೆಯಿತು. 1868ರ ನಂತರ ಚಕ್ರವರ್ತಿಯ ಹೆಸರಿನಲ್ಲಿ ಬಂದ ಮೇಜಿ ಸರ್ಕಾರ ಅದನ್ನೇ ಮುಂದುವರಿಸಿತು. ಗುರುತಿಸಲು ಇದ್ದ ಆಧಾರ ಹಳೆಯ ಗ್ರಂಥಗಳು. 927ರಲ್ಲಿ ಸಿದ್ಧವಾದ ಆಡಳಿತ ನಿಯಮಗಳ ಗ್ರಂಥ ಎಂಗಿಶಿಕಿಯಲ್ಲಿ ಮೊಜು ಬಯಲಿನ ಉತ್ತರ, ಮಧ್ಯ, ದಕ್ಷಿಣದ ಮೂರು ಸಮಾಧಿಗಳ ಪ್ರಸ್ತಾಪವಿದೆ. ಮಧ್ಯದ್ದು ನಿಂತೊಕು ಚಕ್ರವರ್ತಿಯದು, ದಕ್ಷಿಣದ್ದು ಅವನ ಮಗ ರಿಚೂವಿನದು. ದಿಬ್ಬಗಳೂ ಹಾಗೇ ಸಾಲಾಗಿ ನಿಂತಿವೆಯಲ್ಲ, ಲೆಕ್ಕ ಸರಿಹೋಯಿತು: ನಡುವಿನ ಈ ದೊಡ್ಡ ದಿಬ್ಬ ನಿಂತೊಕುವಿನದಾಯಿತು. ಗ್ರಂಥಕ್ಕೂ ದಿಬ್ಬಕ್ಕೂ ನಡುವೆ ಸುಮಾರು ಐನೂರು ವರ್ಷಗಳ ಅಂತರವಿದೆ ಎಂಬುದನ್ನು ಆಗ ಯಾರೂ ದೊಡ್ಡದು ಮಾಡಲಿಲ್ಲ.

ಪೇಚಿಗಿಟ್ಟುಕೊಂಡದ್ದು ಮುಂದೆ. ದಿಬ್ಬಗಳ ಮೇಲೆ ಸಾಲಾಗಿ ನೆಟ್ಟಿದ್ದ ಸುಟ್ಟಮಣ್ಣಿನ ಕೊಳವೆ ಮತ್ತು ಆಕೃತಿಗಳಿಗೆ ಹನಿವಾ ಎಂದು ಹೆಸರು. ಅವುಗಳ ತಯಾರಿಕೆ ಕಾಲಕಾಲಕ್ಕೆ ಬದಲಾಗಿದ್ದರಿಂದ ಚೂರುಗಳನ್ನು ನೋಡಿಯೇ ವಯಸ್ಸು ಅಂದಾಜಿಸಬಹುದು. ಆ ಅಂದಾಜಿನ ಪ್ರಕಾರ ಮಗನದೆನ್ನುವ ಸಮಾಧಿಯೇ ಹಳೆಯದು, ಅಪ್ಪನದು ಆಮೇಲಿನದು! ದೊಡ್ಡ ದಿಬ್ಬದಲ್ಲಿ ಮಲಗಿರುವವರು ಯಾರು ಎಂಬ ಪ್ರಶ್ನೆ ಹೀಗೆ ತೆರೆದುಕೊಂಡಿತು. 1970ರ ದಶಕದಲ್ಲಿ ಪುರಾತತ್ವಜ್ಞ ಮೋರಿ ಕೋಇಚಿ, ರಾಜರ ಹೆಸರು ಬಿಟ್ಟು ಊರಿನ ಹೆಸರಿನಿಂದಲೇ ಕರೆಯೋಣ ಎಂದರು. ಪಠ್ಯಪುಸ್ತಕಗಳಲ್ಲಿ 'ದೈಸೆನ್ ಕೊಫುನ್' ಬಂದದ್ದು ಆ ನಂತರ. 2019ರಲ್ಲಿ ಯುನೆಸ್ಕೊ ಈ ಪ್ರದೇಶದ 49 ದಿಬ್ಬಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮತ್ತೆ ನಿಂತೊಕುವಿನ ಹೆಸರೇ ದಾಖಲಾಯಿತು, ವಿದ್ವಾಂಸರ ಸಂಘಗಳು ಆಕ್ಷೇಪ ಎತ್ತಿದವು. ನನಗೂ ಊರಿನ ಹೆಸರೇ ಸರಿ ಎನಿಸುತ್ತದೆ. ಗೊತ್ತಿಲ್ಲದ್ದನ್ನು ಗೊತ್ತೆಂದು ಅದು ಹೇಳುವುದಿಲ್ಲ.

ಈ ನಿಂತೊಕುವಿನ ಬಗ್ಗೆ ಜಪಾನಿನ ಮಕ್ಕಳಿಗೂ ಗೊತ್ತಿರುವ ಕಥೆಯೊಂದಿದೆ. ಎತ್ತರದ ಜಾಗದಿಂದ ನೋಡಿದಾಗ ಮನೆಗಳ ಒಲೆಯಿಂದ ಹೊಗೆ ಏಳುತ್ತಿರಲಿಲ್ಲವಂತೆ. ಜನ ಹಸಿದಿದ್ದಾರೆಂದು ಮೂರು ವರ್ಷ ತೆರಿಗೆ, ಬಿಟ್ಟಿ ದುಡಿಮೆ ಎರಡನ್ನೂ ಮನ್ನಾ ಮಾಡಿದ. ಅರಮನೆಯ ಮಾಡು ಸೋರಿದರೂ ರಿಪೇರಿ ಮಾಡಿಸಲಿಲ್ಲ. ಇತ್ತ ಒಬಯಾಶಿ ನಿರ್ಮಾಣ ಕಂಪನಿ 1985ರಲ್ಲಿ ಹಾಕಿದ ಲೆಕ್ಕ ನೋಡಿ: ಹಳೆಯ ವಿಧಾನದಲ್ಲಿ ದಿನಕ್ಕೆ ಗರಿಷ್ಠ 2,000 ಜನ ದುಡಿದರೂ ಈ ದಿಬ್ಬ ಕಟ್ಟಲು 15 ವರ್ಷ 8 ತಿಂಗಳು ಬೇಕು. ಒಲೆಯ ಕಥೆಯ ಪಕ್ಕದಲ್ಲಿ ಈ ಲೆಕ್ಕ ಇಟ್ಟವರು ಯಾರೋ ಕುಚೋದ್ಯದವರೇ ಇರಬೇಕು.

ಒಳಗೇನಿದೆ? 1872ರಲ್ಲಿ ದಿಬ್ಬದ ಮುಂಭಾಗದಲ್ಲಿ ಒಂದು ಶಿಲಾಕೋಣೆ ಬಯಲಾಗಿತ್ತು. ಆಗ ಸಾಕೈ ಪ್ರಾಂತ್ಯದ ಮುಖ್ಯಾಧಿಕಾರಿ ಸೈಶೊ ಅತ್ಸುಶಿ. ಸ್ವಚ್ಛಗೊಳಿಸುವ ಹೆಸರಿನಲ್ಲಿ ಬೇಕೆಂದೇ ಅಗೆಸಿದರೋ ಎಂಬ ಗುಮಾನಿ ಇಂದಿಗೂ ಇದೆ. ಕಲ್ಲಿನ ಶವಪೆಟ್ಟಿಗೆ, ಚಿನ್ನದ ಲೇಪದ ಕವಚ, ಗಾಜಿನ ಪಾತ್ರೆಗಳನ್ನು ಕಂಡು, ಚಿತ್ರ ಬರೆಸಿ, ಮತ್ತೆ ಮುಚ್ಚಿದರು. ಆಮೇಲೆ ಬಾಗಿಲು ಭದ್ರ. ರಾಜಮನೆತನದ ವ್ಯವಹಾರ ನೋಡಿಕೊಳ್ಳುವ ಇಲಾಖೆಯ ವಾದ ಸರಳ: ಇದು ಸ್ಮಾರಕವಲ್ಲ, ಇಂದಿಗೂ ಪೂಜೆ ನಡೆಯುವ ಪೂರ್ವಜರ ಗೋರಿ. 2018ರಲ್ಲಿ ಮೊದಲ ಬಾರಿಗೆ ನಗರಾಡಳಿತವನ್ನು ಜೊತೆಗೆ ಸೇರಿಸಿಕೊಂಡು ಉತ್ಖನನ ನಡೆಯಿತು. ಅದೂ ಕಂದಕಗಳ ನಡುವಿನ ಏರಿಯ ಮೇಲೆ ಮಾತ್ರ. ಹಾಸಿದ ಕಲ್ಲು, ಹನಿವಾ ಸಾಲು ಸಿಕ್ಕವು. ಅದೇ ವರ್ಷ ಪ್ರಕಟವಾದ ಅಳತೆಯಲ್ಲಿ ದಿಬ್ಬದ ಉದ್ದ 486 ಮೀಟರಿನಿಂದ 525ಕ್ಕೆ ಏರಿತು. ಅಂಚುಗಳು ನೀರಿನಡಿ ಮುಳುಗಿದ್ದವು.

ಬಾಗಿಲು ಮುಚ್ಚಿದ್ದು ತಪ್ಪು ಎಂದು ಒಂದೇ ಮಾತಿನಲ್ಲಿ ಹೇಳಲೂ ಆಗದು. ಎರಡನೇ ಮಹಾಯುದ್ಧದ ನಂತರ ಮನೆಗಳಿಗೆ ಜಾಗ ಬೇಕಾದಾಗ ಮೊಜು ಬಯಲಿನ ದಿಬ್ಬಗಳು ಒಂದೊಂದಾಗಿ ನೆಲಸಮವಾದವು. ನೂರಕ್ಕೂ ಹೆಚ್ಚಿದ್ದವುಗಳಲ್ಲಿ ಉಳಿದದ್ದು 44. ಇಲಾಖೆಯ ಬೇಲಿ ಇಲ್ಲದ ಓತ್ಸುಕಯಾಮ ಎಂಬ ದೊಡ್ಡ ದಿಬ್ಬ ಬಡಾವಣೆಯೇ ಆಗಿಹೋಯಿತು. ಉದ್ಯಾನದ ಹತ್ತಿರವೇ ಇರುವ ಇತಾಸುಕೆ ದಿಬ್ಬಕ್ಕೂ 1955ರಲ್ಲಿ ಅದೇ ಗತಿ ಕಾದಿತ್ತು. ಮಣ್ಣು ಸಾಗಿಸಲು ಕಂದಕಕ್ಕೆ ಸೇತುವೆಯನ್ನೂ ಹಾಕಿಯಾಗಿತ್ತು. ಸಾಕೈ ಜನ, ವಿದ್ಯಾರ್ಥಿಗಳು, ಪುರಾತತ್ವಜ್ಞರು ತಿರುಗಿಬಿದ್ದರು. ನಗರಾಡಳಿತ ಜಾಗ ಕೊಂಡಿತು, ಮರುವರ್ಷ ಅದು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಅಲ್ಲಿ ಸಿಕ್ಕ ಶಿರಸ್ತ್ರಾಣದ ಆಕಾರದ ಹನಿವಾ ಇಂದು ನಗರದ ಪರಂಪರೆ ರಕ್ಷಣೆಯ ಲಾಂಛನ.

ಆ ಸೇತುವೆಯನ್ನು ಇನ್ನೂ ಕೆಡವಿಲ್ಲ. ನಡುವೆ ಹಲಗೆ ಕುಸಿದು, ಕಾಂಕ್ರೀಟ್ ಕಂಬಗಳು ನೀರಿನಲ್ಲಿ ನಿಂತಿವೆ. ದಿಬ್ಬದಲ್ಲಿ ಬೀಡುಬಿಟ್ಟಿರುವ ತನುಕಿಗಳು, ಅಂದರೆ ನರಿಯ ಜಾತಿಯ ಗಿಡ್ಡ ಕಾಲಿನ ಪ್ರಾಣಿಗಳು, ಆಗಾಗ ಅದರ ಮೇಲೆ ಬಂದು ಬಿಸಿಲು ಕಾಯುತ್ತವೆ. ಬೇಲಿಯಾಚೆ ನಿಂತ ಜನ ಅವುಗಳ ಫೋಟೊ ತೆಗೆಯುತ್ತಾರೆ.